ತುಂಬಿದ ಮನೆಯ ಮೌನ

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ 1057ನೆಯ ಇಸವಿಯ ಶಿಲಾಶಾಸನವು ದೇಕಬ್ಬೆಯೆಂಬ ಹೆಣ್ಣುಮಗಳ ಕಥೆಯನ್ನು ಹೇಳುತ್ತದೆ. ಪತಿಯಾದ ಏಚನ ಮರಣವಾರ್ತೆಯನ್ನು ಕೇಳಿ ಚಿತೆಯನ್ನೇರಲು ಹೊರಟ ಆಕೆಯನ್ನು ತಂದೆತಾಯಿಗಳು ತಡೆದರೆಂದೂ, ಆಕೆ ಅವರ ಬೇಡಿಕೆಯನ್ನು ಒಪ್ಪದೆ ಮರುಮಾತನಾಡಿ, ದಾನಧರ್ಮಗಳನ್ನು ಮಾಡಿ ಅಗ್ನಿಪ್ರವೇಶ ಮಾಡಿದಳೆಂದೂ ಕವಿ ಮಲ್ಲನು ಪದ್ಯಗಳಲ್ಲಿ ಬಣ್ಣಿಸಿದ್ದಾನೆ. ಇಂತಹ ದೀರ್ಘಶಾಸನದ ಭಾಗ್ಯ ಎಲ್ಲರಿಗೂ ಲಭಿಸಲಿಲ್ಲವಾದರೂ, ಕಂಬದಿಂದ ಹೊರಚಾಚಿದ ಒಂದು ತೋಳು, ಬಳೆ ತೊಟ್ಟ ಮುಂಗೈ, ಬೆರಳುಗಳ ನಡುವೆ ಒಂದು ನಿಂಬೆಯ ಹಣ್ಣು, ಇಷ್ಟನ್ನಾದರೂ ಕೆತ್ತಿ ನಿಲ್ಲಿಸಿದ ಮಾಸ್ತಿಕಲ್ಲುಗಳು ಕನ್ನಡನಾಡಿನ ಹಳ್ಳಿಹಳ್ಳಿಗಳಲ್ಲಿವೆ. ಸತ್ತವಳಿಗೆ ಕಲ್ಲುಂಟು, ಪೂಜೆಯುಂಟು, ಕೆಲವೆಡೆ ಕಾವ್ಯವೂ ಉಂಟು. ಪತಿಯ ಮರಣಾನಂತರ ಸಾಯದೆ ಉಳಿದು, ಐವತ್ತು ಅರುವತ್ತು ವರ್ಷಗಳ ಕಾಲ ಅದೇ ಮನೆಯ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೂ ಅಡುಗೆಮನೆಯಿಂದ ಬಾವಿಕಟ್ಟೆಗೂ ನಡೆದಾಡಿ ಸವೆದ ಹೆಂಗಸಿಗಾಗಿ ಯಾರೂ ಒಂದು ಕಲ್ಲನ್ನು ನೆಡಲಿಲ್ಲ. ಆಕೆ ಏನು ನುಡಿದಳೆಂಬುದನ್ನು ಯಾವ ಕವಿಯೂ ಬರೆದಿಡಲಿಲ್ಲ.

ಸಾಹಿತ್ಯದಲ್ಲಿ ಮೌನಕ್ಕೆ ನಾನಾರ್ಥಗಳಿವೆ. ಋಷಿಯ ಮೌನವು ತಪಸ್ಸು. ಪ್ರಣಯಿಗಳ ಮೌನವು ಮಾತಿಗೂ ಮೀರಿದ ಸಂಭಾಷಣೆ. ಜ್ಞಾನಿಯ ಮೌನವು ವ್ಯಾಖ್ಯಾನವೆಂದೇ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಇವುಗಳೆಲ್ಲವೂ ತಾನಾಗಿ ವರಿಸಿದ ಮೌನಗಳಾದುದರಿಂದ ಅವುಗಳಿಗೆ ಗೌರವ ಸಂದಿರುವುದು ಸಹಜ. ಆದರೆ ಹತ್ತಾರು ಮಂದಿ ಉಂಡು ಮಲಗುವ, ತೊಟ್ಟಿಲು ತೂಗುವ, ಹಬ್ಬಹರಿದಿನಗಳ ಗದ್ದಲದಿಂದ ತುಂಬಿದ ಮನೆಯ ನಡುವೆ, ಒಬ್ಬಳೇ ಒಬ್ಬಳ ಮೇಲೆ ಇಳಿದು ನಿಂತು, ಆಕೆಯ ಹೃದಯವನ್ನು ಮಿಕ್ಕವರ ಹೃದಯಗಳಿಂದ ಕತ್ತರಿಸಿಬಿಡುವ ಮೌನವೊಂದುಂಟು. ಅದನ್ನು ಆಕೆ ಬೇಡಿ ಪಡೆದುದಲ್ಲ. ಬಾಲವಿಧವೆಯ ಈ ಮೌನವನ್ನು ನಮ್ಮ ಮನೆಗಳು ಹೇಗೆ ನಿರ್ಮಿಸಿದುವು, ನಮ್ಮ ಸಾಹಿತ್ಯವು ಅದನ್ನು ಎಷ್ಟು ತಡವಾಗಿ, ಯಾರ ಕಿವಿಯ ಮೂಲಕ ಕೇಳಿಸಿಕೊಂಡಿತು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲಿಗೆ ಆಚಾರದ ಸ್ವರೂಪವನ್ನು ನೋಡಬೇಕು. ಪತಿ ತೀರಿದ ಹತ್ತನೆಯ ದಿನ ಕುಂಕುಮವನ್ನು ಅಳಿಸಿ, ಬಳೆಗಳನ್ನು ಒಡೆದು, ತಾಳಿಯನ್ನು ತೆಗೆದು, ತಲೆಗೂದಲನ್ನು ಬೋಳಿಸಿ, ರವಿಕೆಯಿಲ್ಲದ ಮೈಗೆ ಕೆಂಪು ಸೀರೆಯನ್ನೋ ಬಿಳಿಯ ಸೀರೆಯನ್ನೋ ಉಡಿಸಿ, ಸೆರಗನ್ನು ತಲೆಯ ಮೇಲೆ ಎಳೆಯುತ್ತಿದ್ದರು. ಏನೂ ಅರಿಯದ ಹಸುಮಗುವಾದರೆ ಮೈನೆರೆಯುವ ತನಕ ಮುಂಡನವನ್ನು ಮುಂದೂಡುವ ರೂಢಿಯೂ ಕೆಲವು ಮನೆತನಗಳಲ್ಲಿದ್ದಿತು. ಆದರೆ ಅದು ಕರುಣೆಯೋ ಅಥವಾ ಒಂದು ದುಃಖವನ್ನು ಎರಡು ದುಃಖಗಳನ್ನಾಗಿ ಹಂಚಿದುದೋ ಹೇಳುವುದು ಕಷ್ಟ. ಅಂದಿನಿಂದ ಆಕೆ ಮಡಿ ಹೆಂಗಸು. ಹಗಲೊಂದು ಹೊತ್ತು ಊಟ, ರಾತ್ರಿ ಫಲಾಹಾರ, ಏಕಾದಶಿಯಂದು ಉಪವಾಸ. ಪ್ರಯಾಣಕ್ಕೆ ಹೊರಟವರ ಎದುರಿಗೆ ಆಕೆ ಬರಕೂಡದು. ಹಸೆಯ ಬಳಿ, ಆರತಿಯ ಬಳಿ, ಸೀಮಂತದ ಬಳಿ ಸುಳಿಯಕೂಡದು. ನಮ್ಮ ಹೆಂಗಸರಿಗೆ ತಲೆಮಾರುಗಳಿಂದ ಲಭ್ಯವಾಗಿದ್ದ ಸಾಹಿತ್ಯವೆಂದರೆ ಹಾಡು. ಶೋಭಾನೆ, ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಇವೆಲ್ಲವೂ ಮುತ್ತೈದೆಯರ ಸೊತ್ತು. ಆದಕಾರಣ ಮಂಗಳಕಾರ್ಯದಿಂದ ದೂರವಾದವಳು ಆ ಹಾಡುಗಳಿಂದಲೂ ದೂರವಾದಳು. ಹತ್ತು ಹೆಂಗಸರೊಡನೆ ದನಿಗೂಡಿಸುವ ಸುಖವೂ ಆಕೆಗೆ ತಪ್ಪಿತು.

ಆಕೆಗೆ ಮಾತನಾಡಬಾರದೆಂಬ ವಿಧಿ ಯಾವ ಗ್ರಂಥದಲ್ಲಿಯೂ ಇರಬೇಕಾಗಿರಲಿಲ್ಲ. ಮಾತು ಹುಟ್ಟುವುದು ಜೊತೆಯಲ್ಲಿ ಕುಳಿತಾಗ, ಜೊತೆಯಲ್ಲಿ ಉಣ್ಣುವಾಗ, ತಲೆ ಬಾಚಿಕೊಳ್ಳುವಾಗ, ಹೂ ಕಟ್ಟುವಾಗ, ಒಂದೇ ಚಾಪೆಯ ಮೇಲೆ ಮಲಗಿ ನಿದ್ದೆ ಬಾರದಿರುವಾಗ. ಈ ಎಲ್ಲ ಸಂದರ್ಭಗಳನ್ನು ಒಂದೊಂದಾಗಿ ತೆಗೆದುಬಿಟ್ಟರೆ ಮಾತು ತಾನಾಗಿಯೇ ಬತ್ತುತ್ತದೆ. ಆಕೆಯ ಬಳಿ ಉಳಿದುದು ಕೆಲಸಕ್ಕೆ ಸಂಬಂಧಿಸಿದ ಮಾತುಗಳು ಮಾತ್ರ: ಅಕ್ಕಿ ಎಷ್ಟು ಸೇರು, ಮಡಿ ಒಣಗಿತೆ, ಒಲೆಯ ಮೇಲೆ ಏನಿದೆ. ಬೆಳಗಿನ ಜಾವದ ತಣ್ಣೀರಿನ ಸ್ನಾನದಿಂದ ಮೊದಲುಗೊಂಡು ಅಡುಗೆ, ನೈವೇದ್ಯ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬಾಣಂತಿಯ ಆರೈಕೆ, ರೋಗಿಯ ಶುಶ್ರೂಷೆ, ಇವೆಲ್ಲವನ್ನೂ ಹೊತ್ತವಳು ಆಕೆಯೇ. ಮಡಿ ಹೆಂಗಸೊಬ್ಬಳು ಇಲ್ಲದ ದೊಡ್ಡ ಕುಟುಂಬದಲ್ಲಿ ದೇವರ ಪೂಜೆಯೂ ಶ್ರಾದ್ಧವೂ ನಡೆಯುವುದು ದುಸ್ತರವಾಗಿದ್ದಿತೆಂಬುದನ್ನು ನೆನೆದರೆ, ಈ ಆಚಾರವು ಧರ್ಮದ ಹೆಸರಿನಲ್ಲಿ ಎಷ್ಟರಮಟ್ಟಿಗೆ ಗೃಹಕೃತ್ಯದ ವ್ಯವಸ್ಥೆಯೂ ಆಗಿದ್ದಿತೆಂಬುದು ವಿಶದವಾಗುತ್ತದೆ. ಮನೆಗೆ ಆಕೆಯ ಕೈಗಳು ಬೇಕಾಗಿದ್ದುವು. ಆಕೆಯ ಮುಖ ಬೇಕಾಗಿರಲಿಲ್ಲ.

ಈ ಕಟ್ಟುಪಾಡುಗಳ ಕೋಟೆಯಲ್ಲಿ ಒಂದು ಸಣ್ಣ ಕಿಂಡಿ ಮಾತ್ರ ಇದ್ದಿತು. ಮಡಿಯಲ್ಲಿದ್ದವಳನ್ನು ಹಿರಿಯರಾರೂ ಮುಟ್ಟುವಂತಿರಲಿಲ್ಲವಷ್ಟೆ; ಆದರೆ ಎಳೆಯ ಮಗು ತೊಟ್ಟ ಬಟ್ಟೆಯನ್ನು ಕಳಚಿಟ್ಟು ಬರಿಮೈಯಲ್ಲಿ ಓಡಿಬಂದು ಅಜ್ಜಿಯ ಕೊರಳನ್ನು ತಬ್ಬಿದರೆ ಮೈಲಿಗೆಯಾಗುತ್ತಿರಲಿಲ್ಲ. ಇದೊಂದು ಕ್ಷುಲ್ಲಕ ವಿವರವೆಂದು ತೋರಬಹುದು. ಮುಂದೆ ಕನ್ನಡ ಕಾದಂಬರಿಯು ಆಕೆಯ ಅಂತರಂಗವನ್ನು ಪ್ರವೇಶಿಸಿದುದು ಈ ಕಿಂಡಿಯ ಮೂಲಕವೇ ಎಂದು ನನ್ನ ನಂಬಿಕೆ. ಆದುದರಿಂದ ಇದನ್ನು ಇಲ್ಲಿಯೇ ಹೇಳಿರಬೇಕು.

ಈ ಪದ್ಧತಿ ನಾಡಿನ ಎಲ್ಲ ಜನಕ್ಕೂ ಸಮಾನವಾಗಿದ್ದಿತೆಂದು ಭಾವಿಸಬಾರದು. ಬೇಸಾಯವನ್ನೂ ಕುಶಲಕರ್ಮಗಳನ್ನೂ ಅವಲಂಬಿಸಿದ ಅನೇಕ ಸಮುದಾಯಗಳಲ್ಲಿ ಕೂಡಿಕೆ, ಉಡಿಕೆ ಮುಂತಾದ ಹೆಸರುಗಳಿಂದ ವಿಧವೆಯರು ಮತ್ತೆ ಸಂಸಾರವಂದಿಗರಾಗುವ ಪದ್ಧತಿ ಹಿಂದಿನಿಂದಲೂ ಬಳಕೆಯಲ್ಲಿದ್ದಿತು. ನಾವು ಹೇಳುತ್ತಿರುವ ಮೌನವು ಮುಖ್ಯವಾಗಿ ಬ್ರಾಹ್ಮಣರ ಮನೆಗಳದು, ಮತ್ತು ಅವರ ಆಚಾರವನ್ನು ಅನುಕರಿಸಿದ ಕುಲಗಳದು. ಶಾಸ್ತ್ರ ಓದುವವರೂ ಗ್ರಂಥ ಬರೆಯುವವರೂ ಹೆಚ್ಚಾಗಿದ್ದ ಮನೆಗಳಲ್ಲಿಯೇ ಈ ಮೂಕತನವೂ ಅತ್ಯಂತ ಗಾಢವಾಗಿದ್ದಿತೆಂಬುದು ನಾವು ತಲೆತಗ್ಗಿಸಿ ಒಪ್ಪಬೇಕಾದ ಸಂಗತಿ.

ಬಾಲವಿಧವೆಯರ ಸಂಖ್ಯೆ ಬೆಳೆಯಲು ಕಾರಣಗಳು ಸ್ಪಷ್ಟವಾಗಿದ್ದುವು. ಹೆಣ್ಣು ಮೈನೆರೆಯುವುದಕ್ಕೆ ಮುನ್ನವೇ ಮದುವೆಯಾಗಬೇಕೆಂಬ ನಿಯಮ ಒಂದು ಕಡೆ. ಮಡದಿ ಸತ್ತ ಗಂಡಸು ಎಷ್ಟು ವಯಸ್ಸಿನಲ್ಲಿಯಾದರೂ ಮತ್ತೆ ಮದುವೆಯಾಗಬಹುದೆಂಬ ಸ್ವಾತಂತ್ರ್ಯ ಇನ್ನೊಂದು ಕಡೆ. ಇವೆರಡರ ನಡುವೆ ಹಣಕ್ಕಾಗಿ ಎಳೆಯ ಹುಡುಗಿಯನ್ನು ಮುದುಕನಿಗೆ ಕೊಡುವ ಕನ್ಯಾವಿಕ್ರಯ. 1887ರಷ್ಟು ಹಿಂದೆಯೇ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ರಚಿಸಿ ಈ ಕನ್ಯಾವಿಕ್ರಯವನ್ನು ರಂಗದ ಮೇಲೆ ತಂದರು. ಮೈಸೂರು ಸಂಸ್ಥಾನವು 1894ರಲ್ಲಿ ಕಾನೂನೊಂದನ್ನು ಮಾಡಿ, ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಪುರುಷನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂಬ ಆ ಮಿತಿಯೇ ಅಂದಿನ ಸ್ಥಿತಿಗೆ ಸಾಕ್ಷಿ. ಹುಡುಗಿಗೆ ಹದಿನಾಲ್ಕು ವರ್ಷವೆಂಬ ನಿಯಮವು ಬ್ರಿಟಿಷ್ ಇಂಡಿಯಾದಲ್ಲಿ ಬಂದುದು 1929ರ ಶಾರದಾ ಶಾಸನದಿಂದ. ವಿಧವಾವಿವಾಹವನ್ನು ನ್ಯಾಯಸಮ್ಮತಗೊಳಿಸಿದ ಶಾಸನವಾದರೋ 1856ರಷ್ಟು ಹಿಂದೆಯೇ ಬಂದಿದ್ದಿತು. ಆದರೆ ಮರುಮದುವೆಯಾದವಳು ಮೊದಲ ಪತಿಯ ಆಸ್ತಿಯಲ್ಲಿದ್ದ ಹಕ್ಕನ್ನು ಕಳೆದುಕೊಳ್ಳಬೇಕೆಂಬ ವಿಧಿಯೂ ಅದರೊಳಗೇ ಇದ್ದಿತು. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಹೊರಗೆ ಕಾಲಿಟ್ಟವಳ ಕೈಹಿಡಿಯುವವರು ಬೇಕಷ್ಟೆ.

ಕೈಹಿಡಿದವರು ಕೆಲವರಿದ್ದರು. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಮಡದಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಬಂಧುಗಳ ವಿರೋಧವನ್ನು ಕಟ್ಟಿಕೊಂಡು ಕಾಡು ಸೇರಿದ್ದ ಆ ವಿದ್ವಾಂಸನ ಮಗಳು ತಾನೇ ವಿಧವೆಯಾದ ಮೇಲೆ, ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಬರೆದು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದೇ ನಗರದಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆಗೆ ಇನ್ನು ಕತ್ತಿ ಇಡುವುದಿಲ್ಲವೆಂದು ನಿಶ್ಚಯಿಸಿದರು. ಪಕ್ಷಕ್ಕೊಮ್ಮೆಯೋ ಮಾಸಕ್ಕೊಮ್ಮೆಯೋ ಹಿತ್ತಿಲ ಬಾಗಿಲಿಗೆ ಬಂದು ತಲೆತಗ್ಗಿಸಿ ಕುಳಿತ ಹುಡುಗಿಯ ಮುಂದೆ ಕತ್ತಿ ಮಸೆಯಬೇಕಾಗಿದ್ದ ಆ ಮನುಷ್ಯನು, ಆಕೆಯ ಕಣ್ಣೀರನ್ನು ಮನೆಯವರಿಗಿಂತ ಹತ್ತಿರದಿಂದ ನೋಡಿದ್ದನು. ಶಾಸ್ತ್ರಜ್ಞರ ಚರ್ಚೆ ಮುಗಿಯುವ ತನಕ ಕಾಯದೆ ಆತನು ತನ್ನ ಕಸುಬಿನ ಒಂದು ಭಾಗವನ್ನೇ ತ್ಯಜಿಸಲು ಸಿದ್ಧನಾದುದು ನಮ್ಮ ಸಮಾಜಸುಧಾರಣೆಯ ಇತಿಹಾಸದಲ್ಲಿ ಇನ್ನೂ ಉಚ್ಚಸ್ಥಾನವನ್ನು ಪಡೆಯಬೇಕಾದ ಘಟನೆ. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವಿಧವೆಯೊಬ್ಬಳನ್ನು ಮದುವೆಯಾಗಿ, ಮೂರು ವರ್ಷಗಳ ಬಳಿಕ ಅನಾಥ ವಿಧವೆಯರಿಗೆ ಆಶ್ರಯವನ್ನು ಕಟ್ಟಿದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಕಾರವಾರಗಳ ಕನ್ನಡಿಗರಿಗೆ ಈ ಸುದ್ದಿಗಳೆಲ್ಲ ದೂರದೇಶದ ಸುದ್ದಿಗಳಾಗಿರಲಿಲ್ಲ.

ಈ ವಾತಾವರಣದಲ್ಲಿಯೇ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದಿತು. ಪೋಲೀಸು ಇಲಾಖೆಯಲ್ಲಿದ್ದ ವೆಂಕಟರಾಯರು ಲೋಕವನ್ನು ಕಣ್ಣುಬಿಟ್ಟು ನೋಡಿದವರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪರಿಗಣಿತವಾದ ಈ ಗ್ರಂಥದ ನಾಯಿಕೆ ಬಾಲವಿಧವೆಯೆಂಬುದು ಆಕಸ್ಮಿಕವಲ್ಲ. ಹೊಸ ಗದ್ಯಕ್ಕೆ ಹೇಳಲು ಹೊಸ ಸಂಗತಿಯೊಂದು ಬೇಕಾಗಿದ್ದಿತು, ಮತ್ತು ನಮ್ಮ ಮನೆಗಳಲ್ಲಿ ಹೇಳದೆ ಉಳಿದಿದ್ದ ಸಂಗತಿಗಳಲ್ಲಿ ಇದಕ್ಕಿಂತ ದೊಡ್ಡದು ಬೇರೊಂದಿರಲಿಲ್ಲ. ಇಂದಿರೆ ತವರಿನ ಡಾಂಭಿಕ ಭಕ್ತಿಯ ವಾತಾವರಣವನ್ನು ತೊರೆದು, ಸಜ್ಜನನಾದ ಅಮೃತರಾಯನ ಮನೆಯಲ್ಲಿ ಆಶ್ರಯ ಪಡೆದು, ವಿದ್ಯಾವತಿಯಾಗಿ, ಭಾಸ್ಕರನನ್ನು ಮದುವೆಯಾಗುತ್ತಾಳೆ. ಕೃತಿ ಅಂದಿನ ಜಿಲ್ಲಾಧಿಕಾರಿ ಕೌಚ್‌ಮನ್ನರಿಂದ 1903ರಲ್ಲಿ ಇಂಗ್ಲಿಷಿಗೂ ಅನುವಾದವಾಯಿತು.

ಈ ಕಾದಂಬರಿಯ ಧೈರ್ಯವನ್ನು ಎಷ್ಟು ಪ್ರಶಂಸಿಸಿದರೂ ಸಾಲದು. ಆದರೂ ಅದನ್ನು ಓದುವಾಗಲೆಲ್ಲ ನನಗೆ ಒಂದು ಕೊರತೆ ಕಾಣಿಸುತ್ತದೆ. ಇಂದಿರೆ ಮಾತನಾಡುತ್ತಾಳೆ, ದಿಟ. ಆದರೆ ಆಕೆಯ ಬಾಯಲ್ಲಿರುವುದು ಸಭೆಯ ಮಾತು, ಶಾಸ್ತ್ರಾರ್ಥದ ಮಾತು, ವೆಂಕಟರಾಯರಂತಹ ಉದಾರಹೃದಯರು ವರ್ಷಗಟ್ಟಲೆ ತಮ್ಮ ಮನಸ್ಸಿನಲ್ಲಿ ಹಸನುಮಾಡಿಕೊಂಡಿದ್ದ ವಾದಸರಣಿ. ವಿಧವೆಯ ಪಕ್ಷದಲ್ಲಿ ವಕೀಲನು ಎದ್ದುನಿಂತಿದ್ದಾನೆ. ಕಕ್ಷಿಗಾರ್ತಿ ಮಾತ್ರ ಇನ್ನೂ ತುಟಿ ಬಿಚ್ಚಿಲ್ಲ. ಕಾದಂಬರಿಯ ಉದ್ದೇಶ ಆಕೆಯ ಸ್ಥಿತಿಯನ್ನು ಬದಲಿಸುವುದಾಗಿದ್ದಿತು. ಆ ಸ್ಥಿತಿಯೊಳಗೆ ಕುಳಿತು ಆಕೆಯ ಒಂದು ರಾತ್ರಿಯನ್ನು ಕಳೆಯುವ ವ್ಯವಧಾನ ಅದಕ್ಕಿರಲಿಲ್ಲ. ಸುಧಾರಣೆಯ ಸಾಹಿತ್ಯಕ್ಕೆ ಇದು ಅನಿವಾರ್ಯವೂ ಇರಬಹುದು: ಮನೆಗೆ ಬೆಂಕಿ ಬಿದ್ದಾಗ ಒಳಗಿರುವವರ ಮನಸ್ಸಿನ ಪರಿಯನ್ನು ವಿಚಾರಿಸುತ್ತ ನಿಲ್ಲುವವರಾರು?

ಹಾಗಾದರೆ ಆಕೆಯೇ ಲೇಖನಿ ಹಿಡಿದಾಗ ಏನಾಯಿತು? 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ತಿರುಮಲಾಂಬಾ ಬಾಲ್ಯದಲ್ಲಿಯೇ ಮದುವೆಯಾಗಿ, ಹದಿಹರೆಯದಲ್ಲಿಯೇ ವೈಧವ್ಯವನ್ನು ಅನುಭವಿಸಿದವರು. ವಕೀಲರಾಗಿದ್ದ ತಂದೆ ಮಗಳ ಕೈಗೆ ಗ್ರಂಥಗಳನ್ನು ಕೊಟ್ಟು ಆ ಬಾಳನ್ನು ಉಳಿಸಿದರು. ಆಕೆ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ‘ಕರ್ಣಾಟಕ ನಂದಿನಿ’ಯೆಂಬ ಪತ್ರಿಕೆಯನ್ನೂ ನಡೆಸಿ, ಲೇಖಕಿ, ಸಂಪಾದಕಿ, ಪ್ರಕಾಶಕಿ ಈ ಮೂರೂ ಆಗಿ ಕನ್ನಡದ ಹೆಣ್ಣುಮಕ್ಕಳಿಗೆ ಹಾದಿ ತೋರಿಸಿದರು. ಆದರೆ ಅವರ ಮೊದಲ ಕಾದಂಬರಿ ‘ಸುಶೀಲೆ’ಯ ಕೇಂದ್ರದಲ್ಲಿರುವವಳು ಪತಿವ್ರತೆಯಾದ ಗೃಹಿಣಿ. ತಾನು ಎಂದೂ ಪಡೆಯದ ದಾಂಪತ್ಯವನ್ನು ಕಥೆಯಲ್ಲಿ ಆದರ್ಶವಾಗಿ ನಿಲ್ಲಿಸಿದ ಆ ಲೇಖನಿಯ ಹಿಂದೆ ಎಂತಹ ಏಕಾಂತವಿದ್ದಿರಬೇಕು! ಮುಂದೆ ಆಕೆ ಪ್ರಕಟಣೆಯ ಲೋಕದಿಂದ ಸರಿದು, ದಶಕಗಳ ಕಾಲ ಓದುಗರ ನೆನಪಿನಿಂದಲೂ ಮರೆಯಾಗಿ, 1982ರ ತನಕ ಬದುಕಿದ್ದರು. ಕನ್ನಡ ಸಾಹಿತ್ಯವು ತನ್ನ ಮೊದಲ ಮಹಿಳಾ ಪ್ರಕಾಶಕಿಯನ್ನು ಆಕೆಯ ಮುಪ್ಪಿನಲ್ಲಿ ಮತ್ತೆ ಹುಡುಕಿಕೊಳ್ಳಬೇಕಾಯಿತೆಂಬುದು ನೋವಿನ ಮಾತು.

ಆರ್. ಕಲ್ಯಾಣಮ್ಮನವರ ಹಾದಿ ಬೇರೆ. ಅವರೂ ಬಾಲವಿಧವೆ, ‘ಸರಸ್ವತಿ’ ಮಾಸಪತ್ರಿಕೆಯನ್ನು ದಶಕಗಳ ಕಾಲ ಒಂಟಿಯಾಗಿ ನಡೆಸಿದವರು. ಆಕೆ 1938ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆ ಯಾವುದೆಂದರೆ, ಮಕ್ಕಳ ಕೂಟ. ಮಡಿ ಹೆಂಗಸಿನ ಬಳಿಗೆ ನಿರ್ಬಂಧವಿಲ್ಲದೆ ಬರಬಲ್ಲವರು ಮಕ್ಕಳು ಮಾತ್ರವೆಂದು ಹಿಂದೆ ಹೇಳಿದೆನಷ್ಟೆ. ಹಿತ್ತಿಲ ಕೋಣೆಯ ಆ ಸಣ್ಣ ಅವಕಾಶವನ್ನು ಕಲ್ಯಾಣಮ್ಮನವರು ಒಂದು ಊರಿಗೆ ಊರೇ ಹಿಡಿಸುವಷ್ಟು ವಿಸ್ತರಿಸಿದರು. ಇತ್ತ ಕೊಡಗಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೇ 1939ರಲ್ಲಿ ನೀರಿನ ಪಾಲಾದ ಗೌರಮ್ಮನವರು ತಮ್ಮ ಸಣ್ಣಕಥೆಗಳಲ್ಲಿ ವಿಧವೆಯರ, ಪರಿತ್ಯಕ್ತೆಯರ ಮನಸ್ಸನ್ನು ದನಿಯೇರಿಸದೆ ಚಿತ್ರಿಸಿದ್ದರು. ಆ ಬರವಣಿಗೆ ಇನ್ನೂ ಇಪ್ಪತ್ತು ವರ್ಷ ಬೆಳೆದಿದ್ದರೆ ನಾವಿಂದು ಹೇಳುತ್ತಿರುವ ಕಥೆ ಬಹುಶಃ ಬೇರೆಯ ರೀತಿಯದಾಗುತ್ತಿದ್ದಿತು.

ಆಚಾರವು ಸಡಿಲಗೊಂಡು, ಕೆಂಪು ಸೀರೆಯ ಅಜ್ಜಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದ ಕಾಲದಲ್ಲಿ, ಅಂದರೆ 1960ರ ಈಚೆಗೆ, ಕನ್ನಡ ಕಥನವು ಹಠಾತ್ತಾಗಿ ಅವರ ಕಡೆಗೆ ಹಿಂದಿರುಗಿ ನೋಡಿತು. ಭೈರಪ್ಪನವರ ‘ವಂಶವೃಕ್ಷ’ದ (1965) ಕಾತ್ಯಾಯನಿ ವಿಧವೆಯಾಗಿದ್ದು ಮರುಮದುವೆಯಾಗುತ್ತಾಳೆ; ಕಾನೂನೂ ಕಾಲವೂ ಆಕೆಯ ಪಕ್ಷದಲ್ಲಿವೆ; ಆದರೂ ಬಿಟ್ಟುಬಂದ ಮಗನಿಗೂ ಆಕೆಗೂ ನಡುವೆ ಬೆಳೆದ ಮೌನವನ್ನು ಆಕೆ ದಾಟಲಾರದೆ ಹೋಗುತ್ತಾಳೆ. ಇಂದಿರೆಯ ಕಥೆ ಮದುವೆಯಲ್ಲಿ ಮುಗಿದಿದ್ದರೆ, ಕಾತ್ಯಾಯನಿಯ ಕಥೆ ಮದುವೆಯಿಂದ ಮೊದಲಾಗುತ್ತದೆ. ಈ ಕೃತಿಯ ನಿಲುವನ್ನು ಒಪ್ಪದವರೂ ಆ ತಾಯಿಯ ಒಂಟಿತನದ ಚಿತ್ರಣವನ್ನು ಮರೆಯಲಾರರು.

ಅನಂತಮೂರ್ತಿಯವರ ‘ಘಟಶ್ರಾದ್ಧ’ ಅದಕ್ಕೂ ಮೊದಲಿನದು. 1963ರ ‘ಪ್ರಶ್ನೆ’ ಸಂಕಲನದ ಕಥೆ. ವೇದಪಾಠಶಾಲೆಯನ್ನು ನಡೆಸುವ ಉಡುಪರ ಮಗಳು ಯಮುನಕ್ಕ, ತರುಣ ವಿಧವೆ, ಗರ್ಭಿಣಿಯಾಗಿದ್ದಾಳೆ. ಊರಿಗೆ ಊರೇ ಆಕೆಯನ್ನು ಕುರಿತು ಮಾತನಾಡುತ್ತದೆ. ಆಕೆಯೊಡನೆ ಮಾತನಾಡುವವನು ಪಾಠಶಾಲೆಗೆ ಬಂದ ಪುಟ್ಟ ಹುಡುಗನೊಬ್ಬನೇ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧವನ್ನು ನೆರವೇರಿಸಿ ಮಡಕೆಯನ್ನು ಒಡೆಯುವ ಆ ವಿಧಿಯು ಏನನ್ನು ಸಾರುತ್ತದೆ? ಇನ್ನು ಮುಂದೆ ಈಕೆಯ ಕೂಗು ಯಾರ ಕಿವಿಗೂ ಬೀಳತಕ್ಕದ್ದಲ್ಲವೆಂಬುದನ್ನೇ ಅಲ್ಲವೆ! ಅಷ್ಟುದಿನ ಮನೆಯೊಳಗೆ ನಿಶ್ಶಬ್ದವಾಗಿ ನಡೆಯುತ್ತಿದ್ದುದನ್ನು ಮಂತ್ರಪೂರ್ವಕವಾಗಿ ಬಯಲಿಗೆ ತಂದು ನಿಲ್ಲಿಸುವ ಕ್ರಿಯೆ ಅದು. ಕಥೆಗಾರರು ಇದನ್ನು ಯಮುನೆಯ ಬಾಯಿಂದ ಹೇಳಿಸಿಲ್ಲ. ಪೂರ್ತಿ ಅರ್ಥವಾಗದ, ಆದರೆ ಪೂರ್ತಿಯಾಗಿ ಪ್ರೀತಿಸುವ ಬಾಲಕನ ಕಣ್ಣಿನಿಂದ ತೋರಿಸಿದ್ದಾರೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ಕಪ್ಪು ಬಿಳುಪಿನ ಆ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲ ದೊರೆಯಿತು.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಈ ಪರಂಪರೆಯಲ್ಲಿ ಅತ್ಯಂತ ಸಾಹಸದ ಕಲ್ಪನೆ. ಮೂಡೂರಿನ ಆ ಅಜ್ಜಿಯ ಹೆಸರು ಮೂಕಾಂಬಿಕೆ. ಹತ್ತರ ವಯಸ್ಸಿಗೇ ವೈಧವ್ಯ ಬಂದ ಮೇಲೆ ಮಾತು ತೊರೆದು ದೀರ್ಘಕಾಲ ಮೌನಿಯಾಗಿ ಬಾಳಿದುದರಿಂದ ಊರವರಿಗೆ ಆಕೆ ಮೂಕಜ್ಜಿ. ಸಂಸಾರವನ್ನು ಕಾಣದ, ಮನೆಯಿಂದಾಚೆ ಹೆಚ್ಚೇನನ್ನೂ ನೋಡದ ಈ ಮುದುಕಿಗೆ ಕಾರಂತರು ಒಂದು ಅಪೂರ್ವ ಶಕ್ತಿಯನ್ನು ಕೊಟ್ಟರು: ಕೈಗೆ ಕೊಟ್ಟ ವಸ್ತುವನ್ನು ಮುಟ್ಟಿದೊಡನೆ ಅದರ ಗತಕಾಲವು ಆಕೆಯ ಕಣ್ಣಿಗೆ ಕಟ್ಟುತ್ತದೆ. ದೇವತೆಗಳು ಹುಟ್ಟಿ ಬದಲಾದುದನ್ನು, ಮನುಷ್ಯನು ಬೇಟೆಯಾಡುತ್ತಿದ್ದುದನ್ನು, ಗಂಡುಹೆಣ್ಣುಗಳ ಸಂಬಂಧವು ಯುಗಯುಗಗಳಲ್ಲಿ ಪಡೆದ ರೂಪಗಳನ್ನು ಆಕೆ ಕಾಣುತ್ತಾಳೆ. ತನ್ನದೆಂಬ ಇತಿಹಾಸವೇ ಇಲ್ಲದವಳಿಗೆ ಮನುಕುಲದ ಇತಿಹಾಸವನ್ನೆಲ್ಲ ಕೊಟ್ಟುದು ಕಾರಂತರ ಪ್ರತಿಭೆಯ ಅತ್ಯುನ್ನತ ನ್ಯಾಯವೆಂದು ನಾನು ಎಣಿಸುತ್ತೇನೆ. ಸಂನ್ಯಾಸವನ್ನು ಹೊಗಳುವವರ ಬಗೆಗೂ ಕಾಮವನ್ನು ಹಳಿಯುವವರ ಬಗೆಗೂ ಆಕೆಯಾಡುವ ಮಾತುಗಳಲ್ಲಿ ಕೋಪವಿಲ್ಲದ ಸ್ಪಷ್ಟತೆಯಿದೆ. ಊರು ದೂರಿದ ನಾಗಿಯಂತಹ ಹೆಣ್ಣಿನ ವಿಷಯದಲ್ಲಿ ಆಕೆಗಿರುವ ಕನಿಕರವು, ಬಾಳಿನ ಸುಖದಿಂದ ವಂಚಿತಳಾದವಳು ಇತರರ ಸುಖವನ್ನು ಕಂಡು ಕರುಬಲೇಬೇಕೆಂದು ಭಾವಿಸುವವರಿಗೆ ಉತ್ತರವಾಗಿದೆ. ಹತ್ತು ವರ್ಷದ ಹುಡುಗಿಯೊಡನೆ ಮುಗಿಯಿತೆಂದು ಎಲ್ಲರೂ ತಿಳಿದಿದ್ದ ಬಾಳು, ಮೌನದ ಒಳಗೆ, ಯಾರ ಅರಿವಿಗೂ ಬಾರದೆ ನಡೆಯುತ್ತಲೇ ಇದ್ದಿತು. ಈ ಕೃತಿಗಾಗಿ ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಿತು.

ಅಜ್ಜಿ ಈ ಮಾತುಗಳನ್ನೆಲ್ಲ ಯಾರೊಡನೆ ಆಡುತ್ತಾಳೆ? ಮಠದವರೊಡನಲ್ಲ, ಊರಿನ ಹಿರಿಯರೊಡನಲ್ಲ, ಮೊಮ್ಮಗನಾದ ಸುಬ್ಬರಾಯನೊಡನೆ. ಯಮುನಕ್ಕನಿಗೆ ಪಾಠಶಾಲೆಯ ಹುಡುಗ, ಮೂಕಜ್ಜಿಗೆ ಮೊಮ್ಮಗ. ಇದು ಕಥನತಂತ್ರ ಮಾತ್ರವಾಗಿದ್ದರೆ ಎರಡು ಬೇರೆ ಬೇರೆ ಪ್ರತಿಭೆಗಳಿಗೆ ಒಂದೇ ತಂತ್ರ ಏಕೆ ಹೊಳೆಯಬೇಕು? ಅವರಿಬ್ಬರೂ ಇಂತಹ ಮನೆಗಳನ್ನು ಬಲ್ಲವರು. ಆ ಮನೆಗಳಲ್ಲಿ ಮಡಿಯ ಗೆರೆಯನ್ನು ದಾಟಿ ಆಕೆಯ ಮಡಿಲಿಗೆ ಬೀಳಬಲ್ಲವನು ಬಾಲಕನೇ ಆಗಿದ್ದನು. ಆಕೆಯನ್ನು ಅಪಶಕುನವೆಂದು ನೋಡಲು ಇನ್ನೂ ಕಲಿಯದವನೂ ಅವನೇ. ಪ್ರಾಯದವರಿಗೆ ಆಕೆ ಒಂದು ಸ್ಥಾನ, ಒಂದು ಕರ್ತವ್ಯ, ಒಂದು ಅಮಂಗಳ. ಮಗುವಿಗೆ ಮಾತ್ರ ಒಬ್ಬ ವ್ಯಕ್ತಿ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇದಕ್ಕೆ ಪೂರ್ಣಪ್ರಮಾಣವನ್ನು ಒದಗಿಸುತ್ತದೆ. ಇದು ಮಲೆನಾಡಿನಲ್ಲಿ 1840ರಿಂದ 1952ರ ತನಕ, ನೂರಹನ್ನೆರಡು ವರ್ಷಗಳ ಕಾಲ ಬಾಳಿದ ಹೆಂಗಸೊಬ್ಬಳ ನಿಜಜೀವನವನ್ನು ಆಧರಿಸಿದ ಕೃತಿ. ಆಕೆಯನ್ನು ಲೇಖಕಿ ತಮ್ಮ ಬಾಲ್ಯದಲ್ಲಿ ಕಂಡಿದ್ದರು. ಆಕೆ ಲೇಖಕಿಯ ತಾಯಿಗೆ ತನ್ನ ಕಥೆಯನ್ನು ಹೇಳುತ್ತಿದ್ದುದು ಆ ಬಾಲಕಿಯ ಕಿವಿಗೆ ಬಿದ್ದಿತ್ತು. ಆ ಬಾಲಕಿಯೇ ಬೆಳೆದು, ಗೃಹಿಣಿಯಾಗಿ, ನಡುವಯಸ್ಸಿನಲ್ಲಿ ಲೇಖನಿ ಹಿಡಿದು, ಆ ಹೆಂಗಸು ತೀರಿಹೋದ ಸುಮಾರು ಕಾಲು ಶತಮಾನದ ಮೇಲೆ ಆ ಬಾಳನ್ನು ಕನ್ನಡಕ್ಕೆ ಕೊಟ್ಟಳು. ನಾವು ಕಥೆಗಳಲ್ಲಿ ಕಂಡ ಕಿಂಡಿ ಇಲ್ಲಿ ಇತಿಹಾಸವೇ ಆಗಿದೆ.

ಫಣಿಯಮ್ಮನಿಗೆ ಮದುವೆಯೆಂದರೇನೆಂದು ತಿಳಿಯುವ ಮೊದಲೇ ವೈಧವ್ಯ ಪ್ರಾಪ್ತವಾಗುತ್ತದೆ. ತುಂಬಿದ ಕುಟುಂಬದಲ್ಲಿ ಆಕೆ ಮೂರು ನಾಲ್ಕು ತಲೆಮಾರುಗಳ ಬಸುರಿ ಬಾಣಂತಿಯರನ್ನು ನೋಡಿಕೊಂಡು, ಯಾರ ಮನಸ್ಸನ್ನೂ ನೋಯಿಸದೆ, ಊಟವನ್ನು ದಿನೇ ದಿನೇ ಕಡಮೆಮಾಡಿಕೊಳ್ಳುತ್ತ, ಬೇಕುಗಳನ್ನು ಒಂದೊಂದಾಗಿ ಬಿಡುತ್ತ ಬಾಳುತ್ತಾಳೆ. ಇಂದಿರಾ ಅವರ ಗದ್ಯದಲ್ಲಿ ಆವೇಶವಿಲ್ಲ. ಮಲೆನಾಡಿನ ಮನೆಯ ಅಡುಗೆ, ಮಳೆ, ನೆಂಟರಿಷ್ಟರು, ಕೆಲಸಬೊಗಸೆಗಳ ವಿವರಗಳ ಮೂಲಕವೇ ಕಥೆ ಸಾಗುತ್ತದೆ. ಆಕೆಯ ಮೌನ ಎಷ್ಟು ಸಂಪೂರ್ಣವೆಂದರೆ ಮನೆಯವರು ಅದನ್ನು ಸಂತೃಪ್ತಿಯೆಂದೇ ತಿಳಿದು ಆಕೆಯನ್ನು ದೇವತೆಯೆಂದು ಹೊಗಳುತ್ತಾರೆ. ಆ ಹೊಗಳಿಕೆಯೂ ಆಕೆಯನ್ನು ದೂರವಿರಿಸುವ ಇನ್ನೊಂದು ಬಗೆಯೇ. ದೇವತೆಯ ಬಳಿ ಕುಳಿತು ನಿನಗೇನು ಕಷ್ಟವೆಂದು ಯಾರೂ ಕೇಳುವುದಿಲ್ಲ. ಆದರೆ ಮೌನವು ಆಕೆಯ ಹೃದಯವನ್ನು ಕಲ್ಲಾಗಿಸಿರಲಿಲ್ಲವೆಂಬುದಕ್ಕೆ ಕಾದಂಬರಿಯಲ್ಲಿ ಎರಡು ಪ್ರಸಂಗಗಳಿವೆ. ಊರ ಹೊರಗಿನ ಕೇರಿಯ ಹೆಣ್ಣೊಬ್ಬಳು ಹೆರಲಾರದೆ ಸಂಕಟಪಡುತ್ತಿದ್ದಾಗ, ಮಡಿಮೈಲಿಗೆಗಳ ಲೆಕ್ಕವನ್ನು ಬದಿಗಿಟ್ಟು, ಫಣಿಯಮ್ಮ ಹೋಗಿ ತನ್ನ ಕೈಯಿಂದ ಹೆರಿಗೆ ಮಾಡಿಸುತ್ತಾಳೆ. ಜೀವಮಾನವೆಲ್ಲ ಮುಟ್ಟಿಸಿಕೊಳ್ಳಬಾರದವಳಾಗಿದ್ದ ಹೆಂಗಸು, ಮುಟ್ಟಬಾರದವಳೆಂದು ಸಮಾಜವು ನಿರ್ಣಯಿಸಿದ ಇನ್ನೊಬ್ಬಳನ್ನು ಮುಟ್ಟಿದ ಆ ಗಳಿಗೆಗೆ ಸಮನಾದುದು ನಮ್ಮ ಕಥನಸಾಹಿತ್ಯದಲ್ಲಿ ವಿರಳ.

ಎರಡನೆಯದು ದಾಕ್ಷಾಯಿಣಿಯ ಪ್ರಸಂಗ. ಹೊಸ ಕಾಲದ ಈ ತರುಣಿ ವಿಧವೆಯಾದಾಗ ತಲೆ ಬೋಳಿಸಿಕೊಳ್ಳಲು ಒಪ್ಪದೆ ಎದುರುನಿಲ್ಲುತ್ತಾಳೆ. ಹಿರಿಯರು ಧರ್ಮವನ್ನು ಮುಂದೊಡ್ಡುತ್ತಾರೆ. ಮನೆತನದ ಮರ್ಯಾದೆಯನ್ನು ನೆನಪಿಸುತ್ತಾರೆ. ಹತ್ತಾರು ವರ್ಷ ಅದೇ ಆಚಾರವನ್ನು ಅಣುಮಾತ್ರವೂ ತಪ್ಪದೆ ನಡೆಸಿದ ಫಣಿಯಮ್ಮನೇ ತಮ್ಮ ಪಕ್ಷಕ್ಕೆ ದೊಡ್ಡ ನಿದರ್ಶನವೆಂದು ಅವರು ನಂಬಿದ್ದರೆ ಅದು ಸಹಜ. ಆಕೆಯಾದರೋ ಹುಡುಗಿಯ ಪಕ್ಷವನ್ನು ವಹಿಸುತ್ತಾಳೆ; ಇಷ್ಟವಿಲ್ಲದವಳಿಗೆ ಈ ಶಿಕ್ಷೆ ಬೇಡ, ಕಾಲ ಬದಲಾಗಿದೆ ಎಂಬುದು ಆಕೆಯ ನಿಲುವು. ಅದು ದೀರ್ಘವಾದ ವಾದವಲ್ಲ, ಶಾಸ್ತ್ರವಚನಗಳ ಬಲವೂ ಅದಕ್ಕಿಲ್ಲ. ಗುಲ್ವಾಡಿಯವರ ಇಂದಿರೆಗೆ ವಾಗ್ವೈಖರಿಯಿದ್ದಿತು. ಫಣಿಯಮ್ಮನಿಗೆ ಇದ್ದುದು ತಾನು ಬಾಳಿದ ವರ್ಷಗಳು ಮಾತ್ರ. ತನಗಾಗಿ ಎಂದೂ ಬಾಯಿ ತೆರೆಯದಿದ್ದವಳು ಇನ್ನೊಬ್ಬಳ ತಲೆಗೂದಲಿಗಾಗಿ ಆಡಿದ ಆ ಮಾತಿನ ಮುಂದೆ ಮನೆಯ ಹಿರಿಯರ ಬಳಿ ಉತ್ತರವಿರಲಿಲ್ಲ. ಆ ಆಚಾರದ ಬೆಲೆಯನ್ನು ಅವರಲ್ಲಿ ಯಾರೂ ತೆತ್ತವರಾಗಿರಲಿಲ್ಲ, ಆಕೆಯೊಬ್ಬಳೇ ತೆತ್ತಿದ್ದಳು.